ಎತ್ತುವುದು ಎಣ್ಣೆ, ಹೊರುವುದು ಕಬ್ಬಿಣ

ಕಾರು ಇಟ್ಟುಕೊಂಡವರಿಗೆಲ್ಲ ಈ ಸಂಕಟ ಗೊತ್ತು. ಮೇಲೆ ನೋಡಿದರೆ ಎಲ್ಲ ಸರಿ. ಬಣ್ಣ ಹೊಳೆಯುತ್ತದೆ, ಹಾರ್ನ್ ಕೂಗುತ್ತದೆ, ಬ್ರೇಕ್ ಹಿಡಿಯುತ್ತದೆ. ಆದರೆ ಒಂದು ದಿನ ಕೆಳಗಿನಿಂದ ಎಲ್ಲೋ ಟಕಟಕ ಸದ್ದು ಶುರುವಾಗುತ್ತದೆ. ಬಗ್ಗಿ ನೋಡಿದರೆ ಕತ್ತಲೆ. ಗ್ಯಾರೇಜಿಗೆ ಹೋದರೆ ಸಾಲು.

ಮೆಲ್ಲಣ್ಣನ ಟ್ಯಾಕ್ಸಿಗೂ ಹೀಗೇ ಆಯಿತು. ಮೆಲ್ಲಣ್ಣ ಅನ್ನುವುದು ಅವನ ಹೆಸರಲ್ಲ. ಅವನು ಗಾಡಿ ಓಡಿಸುವ ರೀತಿ ನೋಡಿ ಸ್ಟ್ಯಾಂಡಿನವರು ಇಟ್ಟದ್ದು. ಹಿಂದಿನ ಸೀಟಿನಲ್ಲಿ ಮಗು ಮಲಗಿದ್ದರೆ ಅದಕ್ಕೆ ಎಚ್ಚರವಾಗದ ಹಾಗೆ ಗುಂಡಿ ದಾಟಿಸುವ ಮನುಷ್ಯ. ಸ್ಟೇರಿಂಗ್ ಹಿಡಿದರೆ ಅವನಷ್ಟು ನಿಶ್ಚಿಂತ ಇನ್ನೊಬ್ಬನಿಲ್ಲ. ಕೆಳಗಿಳಿದನೋ, ಮುಗಿಯಿತು, ಎಲ್ಲದಕ್ಕೂ ಗೊಂದಲ. ಯಾರು ಏನು ಹೇಳಿದರೂ ಅವನಿಗೆ ಸರಿ ಅನ್ನಿಸುತ್ತಿತ್ತು. ಇಬ್ಬರು ಎರಡು ಮಾತು ಹೇಳಿದರೆ ಎರಡೂ ಸರಿ ಅನ್ನಿಸುತ್ತಿತ್ತು.

ಸದ್ದಿನ ವಿಷಯದಲ್ಲೂ ತಲೆಗೊಂದು ಮಾತು. ಸ್ಟ್ಯಾಂಡಿನಲ್ಲಿ ಒಬ್ಬ ಸೈಲೆನ್ಸರ್ ಅಂದ. ಇನ್ನೊಬ್ಬ ಶಾಕ್ ಅಬ್ಸಾರ್ಬರ್ ಅಂದ. ಮನೆಗೆ ಬಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿದರೆ, "ಯಾವ ಸದ್ದೂ ಇಲ್ವಲ್ರೀ" ಅಂದಳು ಅವಳು. ಅವಳು ದಿನವಿಡೀ ಹೊಲಿಗೆ ಯಂತ್ರ ತುಳಿಯುವವಳು. ಟಕಟಕ ಸದ್ದು ಅವಳ ಕಿವಿಗೆ ಗಾಳಿ ಇದ್ದ ಹಾಗೆ.

ಆ ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿನವರೆಲ್ಲ ಸೇರಿ ತರಿಸಿದ ಹೈಡ್ರಾಲಿಕ್ ಲಿಫ್ಟ್ ಬಂತು. ಗ್ಯಾರೇಜಿನ ಲಿಫ್ಟಿನ ಹಾಗೆ ನೆಲಕ್ಕೆ ಹೂತಿಡುವಂಥದ್ದಲ್ಲ. ಬೇಕಾದಲ್ಲಿಗೆ ಎಳೆದುಕೊಂಡು ಹೋಗಬಹುದಾದದ್ದು. ಏಣಿ ಮಲಗಿಸಿದ ಹಾಗೆ ಕಾಣುವ ಎರಡು ಕಬ್ಬಿಣದ ಚೌಕಟ್ಟು. ಒಂದು ಮೋಟಾರು, ಅದರ ಹೊಟ್ಟೆಯಲ್ಲಿ ಎಣ್ಣೆ. ಮೋಟಾರಿನಿಂದ ಚೌಕಟ್ಟುಗಳಿಗೆ ಹೋಗುವ ದಪ್ಪ ಪೈಪುಗಳು. ಕೈಯಲ್ಲಿ ಹಿಡಿಯುವ ಸ್ವಿಚ್ಚು, ಅದರಲ್ಲಿ ಏರಿಸಲು ಒಂದು ಗುಂಡಿ, ಇಳಿಸಲು ಒಂದು. ಕಾರಿನ ಎಡಕ್ಕೊಂದು ಬಲಕ್ಕೊಂದು ಚೌಕಟ್ಟು ತೂರಿಸಿ, ಮೇಲೆ ರಬ್ಬರ್ ದಿಮ್ಮಿ ಇಟ್ಟು, ಗುಂಡಿ ಒತ್ತಿದರೆ ಎಣ್ಣೆಯ ಒತ್ತಡಕ್ಕೆ ಚೌಕಟ್ಟು ಮೇಲೇಳುತ್ತದೆ. ಜೊತೆಗೆ ಕಾರೂ ಏಳುತ್ತದೆ. ಮೆಲ್ಲಣ್ಣನ ಮನೆ ಮುಂದೆ ಜಾಗ ಇತ್ತು. ಲಿಫ್ಟ್ ಅಲ್ಲಿಗೇ ಬಂತು, ಮೊದಲ ಸರದಿಯೂ ಅವನದೇ ಆಯಿತು.

ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಬಿಚ್ಚುತ್ತಿದ್ದ ಹಾಗೆ ಜನ ಸೇರಿದರು. ಮೊದಲು ಬಂದವರು ಅಪ್ಪ. ಲಾರಿ ಓಡಿಸಿ ಓಡಿಸಿ ಈಗ ಮನೆಯಲ್ಲಿ ಕೂತವರು.

"ಇದೇನೋ ಇದು, ಮಂಚಕ್ಕೆ ಕರೆಂಟು ಕೊಟ್ಟ ಹಾಗಿದೆ! ನಾನು ಆಯುಷ್ಯವೆಲ್ಲ ಲಾರಿ ಕೆಳಗೇ ಮಲಗಿದ್ದೀನಿ. ಒಂದು ಜಾಕು, ನಾಲ್ಕು ಕಲ್ಲು. ಅಷ್ಟೇ."

"ಅದೂ ಸರಿ ಅಪ್ಪಾ" ಅಂದ ಮೆಲ್ಲಣ್ಣ.

ಆಮೇಲೆ ಬಂದವನು ಪಕ್ಕದ ಮನೆಯ ಮೋಟಾರಣ್ಣ. ನೀರೆತ್ತುವ ಪಂಪುಗಳ ರಿಪೇರಿ ಅವನ ಕಸುಬು. ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಂದಿದ್ದ.

"ಯಜಮಾನ್ರೇ, ಕಲ್ಲಿನ ಕಾಲ ಹೋಯ್ತು. ಪಂಪು ನೀರು ಎತ್ತುತ್ತೆ, ಇದು ಕಾರು ಎತ್ತುತ್ತೆ. ಮೋಟಾರು ಅಂದ್ಮೇಲೆ ಮೋಟಾರು. ನನಗಿದು ನೀರು ಕುಡಿದಷ್ಟು ಸುಲಭ."

"ಅದೂ ನಿಜ" ಅಂದ ಮೆಲ್ಲಣ್ಣ.

ಕಿಟಕಿಯಿಂದ ಹೆಂಡತಿ ಕೂಗಿದಳು. "ರೀ, ನನ್ನ ತಂಗಿಗೆ ಒಂದು ಫೋನ್ ಮಾಡಿ. ಅವಳು ಸರ್ವಿಸ್ ಸೆಂಟರಲ್ಲಿ ಇದನ್ನೇ ಕಲಿಸೋದು."

"ಹೌದಲ್ವಾ, ಮಾಡೋಣ" ಅಂದ ಮೆಲ್ಲಣ್ಣ. ಫೋನು ಕೈಗೂ ತೆಗೆದುಕೊಂಡ. ಅಷ್ಟರಲ್ಲಿ ಮೋಟಾರಣ್ಣ "ಈ ಪೈಪು ಹಿಡ್ಕೋ" ಅಂದ. ಫೋನು ಮತ್ತೆ ಜೇಬಿಗೆ ಹೋಯಿತು.

ಮನೆ ಮುಂದಿನ ಸಿಮೆಂಟಿನ ಅಂಗಳ. ಮೋಟಾರಣ್ಣ ಪೈಪುಗಳನ್ನು ತಿರುಗಿಸಿ ತಿರುಗಿಸಿ ಕೂರಿಸಿದ. ಒಂದು ಪೈಪು ಗಟ್ಟಿಯಾಗಿ ಹಟ ಮಾಡಿತು. ಅದನ್ನೂ ಸ್ಪ್ಯಾನರ್ ಹಾಕಿ ಒತ್ತಿ ತಿರುಗಿಸಿದ. ಚೌಕಟ್ಟಿನ ಪಕ್ಕದಲ್ಲಿ ಮೊಳದಷ್ಟು ಉದ್ದದ ಒಂದು ಕಬ್ಬಿಣದ ಪಟ್ಟಿ ಅತ್ತಿಂದಿತ್ತ ಹೊರಳುತ್ತಿತ್ತು.

"ಇದೇನಿದು?" ಕೇಳಿದ ಮೆಲ್ಲಣ್ಣ.

"ಸಾಗಿಸೋವಾಗ ಅಲ್ಲಾಡದೇ ಇರಲಿ ಅಂತ ಕೊಟ್ಟಿರ್ತಾರೆ. ಅಡ್ಡ ಬರುತ್ತೆ" ಅನ್ನುತ್ತ ಮೋಟಾರಣ್ಣ ಎರಡೂ ಕಡೆಯ ಪಟ್ಟಿಗಳನ್ನು ಆಚೆ ಮಗುಚಿಟ್ಟ. ರಬ್ಬರ್ ದಿಮ್ಮಿಗಳನ್ನು ಕಾರಿನ ಹೊಟ್ಟೆ ಚಪ್ಪಟೆಯಾಗಿ ಕಂಡ ಕಡೆ ಇಟ್ಟರು.

ಮೆಲ್ಲಣ್ಣ ಗುಂಡಿ ಒತ್ತಿದ. ಮೋಟಾರು ಗುಂಯ್‌ಗುಟ್ಟಿತು. ಬಲಗಡೆ ಚೌಕಟ್ಟು ಏಳತೊಡಗಿತು. ಎಡಗಡೆಯದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಜರ್ಕು ಹೊಡೆದು ಎದ್ದಿತು. ಕಾರು ಓರೆಯಾಗಿ ಒಮ್ಮೆ ತೂಗಿ ನಿಂತಿತು.

"ಒಂದು ಕಡೆ ಮುಂಚೆ ಏಳ್ತಿದೆಯಲ್ಲ?"

"ಹೊಸ ಮಷೀನು ಮಾರಾಯ. ಮೈ ಮುರೀತಾ ಇದೆ, ಬಿಡು" ಅಂದ ಮೋಟಾರಣ್ಣ.

ಕಾರು ಸೊಂಟದ ಹತ್ತಿರಕ್ಕೆ ಏರಿದ್ದು ನೋಡಿ ಅಪ್ಪನಿಗೆ ಹುರುಪು ಬಂತು. ಕಲ್ಲಿನ ಮಾತು ಮರೆತೇ ಹೋಯಿತು. ಒಳಗೆ ಬೆಳಕು ಬೀಳಲಿ ಎಂದು ಎಡ ಮುಂದಿನ ಚಕ್ರ ಬಿಚ್ಚಿಸಿ ಪಕ್ಕಕ್ಕೆ ಉರುಳಿಸಿದರು. ನೆಲಕ್ಕೆ ಗೋಣಿಚೀಲ ಹಾಸಿ, ಟಾರ್ಚು ಹಿಡಿದು, ಬೆನ್ನ ಮೇಲೆ ತೆವಳುತ್ತ ಕಾರಿನ ಕೆಳಗೆ ಸೇರಿದರು. ಹೊರಗೆ ಕಾಣುತ್ತಿದ್ದದ್ದು ಅವರ ಮೊಣಕಾಲು ಮತ್ತು ಪಾದ ಮಾತ್ರ.

ಮೆಲ್ಲಣ್ಣ ಸ್ವಿಚ್ಚು ಹಿಡಿದು ನಿಂತಿದ್ದ. ಕಾರಿನ ಬಾಗಿಲಿನ ಕೆಳಗಂಚು ಎದುರಿನ ಕಾಂಪೌಂಡ್ ಗೋಡೆಯ ಒಂದು ಬಣ್ಣದ ಗೆರೆಗೆ ಸಮನಾಗಿತ್ತು. ಸುಮ್ಮನೆ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಗೆರೆ ಅಂಚಿಗಿಂತ ಮೇಲಿರುವ ಹಾಗೆ ಕಂಡಿತು. ತಾನು ನಿಂತ ಜಾಗ ಬದಲಾಯಿತೇ? ಒಂದು ಹೆಜ್ಜೆ ಹಿಂದೆ ಸರಿದ. ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಮುಚ್ಚಿ ನೋಡಿದ.

"ಮೋಟಾರಣ್ಣ, ಕಾರು ಇಳೀತಾ ಇದೆಯಾ?"

"ಭಾರ ಬಿದ್ದ ಮೇಲೆ ಸ್ವಲ್ಪ ಕೂತ್ಕೊಳ್ಳುತ್ತೆ. ಸೋಫಾ ಕೂತ್ಕೊಳ್ಳಲ್ವಾ?"

"ಅಪ್ಪಾ, ನಿಮಗೇನಾದ್ರೂ ಹಾಗೆ ಅನ್ನಿಸ್ತಿದೆಯಾ?"

ಕೆಳಗಿನಿಂದ ಅಪ್ಪನ ದನಿ ಬಂತು. "ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕಣ್ಣು ಕತ್ತಲೆ ಬರ್ತಿರಬೇಕು. ಸುಮ್ನಿರು, ನಟ್ಟು ಕೈಗೆ ಸಿಗ್ತಾ ಇದೆ."

ಇಬ್ಬರ ಮಾತೂ ಸರಿ ಅನ್ನಿಸಿತು. ಆದರೂ ಕಣ್ಣು ಮತ್ತೆ ಆ ಗೆರೆಯ ಕಡೆಗೇ ಹೋಯಿತು. ಏರಿಸುವ ಗುಂಡಿ ಒತ್ತಲೇ? ಒತ್ತಿದಾಗ ಮತ್ತೆ ಜರ್ಕು ಹೊಡೆದರೆ? ಬೆವರಿದ ಕೈಯಲ್ಲಿ ಸ್ವಿಚ್ಚು ತಿರುಗಿತ್ತು. ಏರಿಸುವ ಗುಂಡಿ ಮೇಲಿನದೋ ಕೆಳಗಿನದೋ ಅದೂ ಮರೆತುಹೋಯಿತು. ಗುಂಡಿಗಳನ್ನೇ ಮತ್ತೆ ಮತ್ತೆ ನೋಡಿದ.

ಹೊಲಿಗೆ ಯಂತ್ರದ ಸದ್ದು ನಿಂತಿತು. ನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದ ಹೆಂಡತಿ ಕಾರನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಏನ್ರೀ ಯೋಚನೆ ಮಾಡ್ತಿದ್ದೀರಿ? ಮೊದಲು ಮಾವನ್ನ ಆಚೆ ಎಳೀರಿ! ಯೋಚನೆ ಆಮೇಲೆ!"

ಮೆಲ್ಲಣ್ಣ ಸ್ವಿಚ್ಚು ಬಿಸಾಡಿ ಅಪ್ಪನ ಎರಡೂ ಪಾದ ಹಿಡಿದು ಎಳೆದ. ಗೋಣಿಚೀಲ ಸರ್ರೆಂದು ಜಾರಿತು. ಶರ್ಟು ಎಲ್ಲೋ ಸಿಕ್ಕಿಕೊಂಡು ಪರ್ರೆಂದು ಹರಿಯಿತು. "ಏಯ್, ಬಿಡೋ, ಬಿಡೋ!" ಎಂದು ಅಪ್ಪ ಬೈಯುತ್ತಲೇ ಹೊರಗೆ ಬಂದರು. ತಲೆ ಬಿಸಿಲಿಗೆ ಬಂದಿತ್ತಷ್ಟೇ. ಪೈಪಿನ ಕಡೆಯಿಂದ ಸುಯ್ಯೆಂದು ಸದ್ದು ಬಂತು. ಎಡಗಡೆ ಚೌಕಟ್ಟು ಮಂಡಿ ಮಡಚಿದ ಎತ್ತಿನ ಹಾಗೆ ಕುಸಿಯಿತು. ಚಕ್ರವಿಲ್ಲದ ಕಾರಿನ ಮೂಲೆ ಧಡ್ ಎಂದು ಸಿಮೆಂಟಿಗೆ ಬಡಿಯಿತು.

ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ಅಪ್ಪ ನೆಲದ ಮೇಲೆ ಹಾಗೇ ಮಲಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು.

"ನನ್ನ ಟಾರ್ಚು ಒಳಗೇ ಉಳೀತು" ಎಂದರು ಕೊನೆಗೆ.

ಅವತ್ತು ಮಧ್ಯಾಹ್ನ ಅಪ್ಪ ಊಟ ಮಾಡಿ ಎಂದಿನ ಹಾಗೆ ಕೋಣೆಯಲ್ಲಿ ಅಡ್ಡಾದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು ಜಗಲಿಯ ಮೇಲೆ ಕೂತರು. ಮತ್ತೆ ಹೋಗಿ ಮಲಗಿದರು, ಮತ್ತೆ ಎದ್ದು ಬಂದರು.

"ಯಾಕಪ್ಪಾ, ನಿದ್ದೆ ಬರ್ಲಿಲ್ವಾ?"

"ಕಣ್ಣು ಮುಚ್ಚಿದರೆ ಸೂರು ಕೆಳಗೆ ಇಳಿದ ಹಾಗಾಗುತ್ತೆ ಕಣೋ" ಎಂದರು ಅಪ್ಪ ಮೆಲ್ಲಗೆ. "ನನಗೆ ಗೊತ್ತೇ ಆಗ್ಲಿಲ್ಲ. ಮುಖದ ಮೇಲೇ ಇತ್ತು. ನಟ್ಟು ನೋಡ್ತಾ ಇದ್ದೆ ನೋಡು, ಇಳೀತಿರೋದು ಗೊತ್ತೇ ಆಗ್ಲಿಲ್ಲ."

ಮೆಲ್ಲಣ್ಣ ಅಪ್ಪನ ಪಕ್ಕ ಸುಮ್ಮನೆ ಕೂತ.

ಹೆಂಡತಿ ಮಾತ್ರ ಸುಮ್ಮನೆ ಕೂರಲಿಲ್ಲ. ತಂಗಿಗೆ ಫೋನ್ ಮಾಡಿದಳು. ಮರುದಿನ ಬೆಳಿಗ್ಗೆ ನಾದಿನಿ ಕೆಲಸದ ಬೂಟು ಹಾಕಿಕೊಂಡೇ ಬಂದಳು. ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಹೊಸದಾಗಿ ಸೇರಿದವರಿಗೆ ಲಿಫ್ಟಿನ ಕೆಲಸ ಕಲಿಸುವವಳು ಅವಳು. ಜೊತೆಗೆ ಇಬ್ಬರು ಸಹೋದ್ಯೋಗಿಗಳು, ಗ್ಯಾರೇಜಿನ ಜಾಕು, ಕಾರಿಗೆ ಆಸರೆ ಕೊಡುವ ಸ್ಟ್ಯಾಂಡುಗಳು. ಮೊದಲು ಕಾರನ್ನು ಭದ್ರವಾಗಿ ನಿಲ್ಲಿಸಿ, ಚಕ್ರ ಹಾಕಿ, ಲಿಫ್ಟನ್ನು ಈಚೆಗೆ ತೆಗೆದರು.

"ಈಗ ಹೇಳಿ ಭಾವ, ಏನಾಯ್ತು? ನಾನು ಬೈಯೋಕೆ ಬಂದಿಲ್ಲ. ಆ ಕೆಲಸ ಅಕ್ಕ ಮುಗಿಸಿರ್ತಾಳೆ."

ಮೆಲ್ಲಣ್ಣ ಹೇಳಿದ. ನಡುವೆ ಮೋಟಾರಣ್ಣ ಕರೆಂಟಿನ ವೋಲ್ಟೇಜ್ ಸರಿ ಇರಲಿಲ್ಲ ಎಂದ. ಅಪ್ಪ ಆ ಮಷೀನೇ ದಂಡ ಎಂದರು. ಮೆಲ್ಲಣ್ಣನಿಗೆ ಇದೂ ಹೌದು, ಅದೂ ಹೌದು.

"ಎಲ್ಲ ಇರಲಿ. ಲಾಕ್ ಹಾಕಿದ್ರಾ?" ಕೇಳಿದಳು ನಾದಿನಿ.

"ಹಾಕಿತ್ತಮ್ಮ, ಗೇಟಿಗೆ ನಾನೇ ಹಾಕಿದ್ದೆ" ಎಂದರು ಅಪ್ಪ.

ನಾದಿನಿಗೆ ನಗು ತಡೆಯಲಾಗಲಿಲ್ಲ. ಚೌಕಟ್ಟಿನ ಹತ್ತಿರ ಕೂತು, ಮೋಟಾರಣ್ಣ ಮಗುಚಿಟ್ಟಿದ್ದ ಕಬ್ಬಿಣದ ಪಟ್ಟಿಯನ್ನು ಮುಟ್ಟಿ ತೋರಿಸಿದಳು.

"ಇದು ಮಾವ, ಲಾಕು. ಕಾರು ಮೇಲೆ ಹೋದ ಮೇಲೆ ಈ ಪಟ್ಟಿ ಚೌಕಟ್ಟಿನ ಈ ಕಚ್ಚಿನಲ್ಲಿ ಹೋಗಿ ಕೂತ್ಕೋಬೇಕು. ಆಮೇಲೆ ಸ್ವಲ್ಪ ಇಳಿಸಿ ಕಾರಿನ ಭಾರ ಪೂರ್ತಿ ಇದರ ಮೇಲೆ ಬಿಡ್ಬೇಕು. ಎತ್ತೋದು ಎಣ್ಣೆ, ಹೊರೋದು ಕಬ್ಬಿಣ. ನೀವು ನಿನ್ನೆ ಎಣ್ಣೆ ನಂಬ್ಕೊಂಡು ಕೆಳಗೆ ಮಲಗಿದ್ರಿ. ಎಣ್ಣೆ ಯಾವಾಗ ಬೇಕಾದ್ರೂ ಸೋರಬಹುದು."

ಮೋಟಾರಣ್ಣನ ಮುಖ ಸಣ್ಣದಾಯಿತು. "ಸೋರಿದ್ದು ಎಲ್ಲಿಂದ ಅಂತ ನೋಡೇಬಿಡೋಣ" ಎಂದು ಪೈಪಿನ ಸಂದಿಗೆ ಬೆರಳು ಹಾಕಲು ಹೋದ. ನಾದಿನಿ ಅವನ ಮಣಿಕಟ್ಟು ಹಿಡಿದಳು.

"ಬೇಡ ಅಣ್ಣ! ಒಳಗೆ ಒತ್ತಡ ಉಳಿದಿದ್ರೆ ಎಣ್ಣೆ ಸೂಜಿ ಥರ ಚರ್ಮದೊಳಗೆ ನುಗ್ಗುತ್ತೆ. ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಾಣುತ್ತೆ, ಒಳಗೆ ಕೈ ಹಾಳಾಗುತ್ತೆ. ಹಾಗೇನಾದ್ರೂ ಆದ್ರೆ ನೋವಿಲ್ಲ ಅಂತ ಮನೇಲಿ ಕೂರಬಾರದು, ತಕ್ಷಣ ಆಸ್ಪತ್ರೆಗೆ ಓಡ್ಬೇಕು."

ಒತ್ತಡ ಇಳಿಸಿ ಬಿಚ್ಚಿ ನೋಡಿದರೆ, ಹಟ ಮಾಡಿದ್ದ ಆ ಪೈಪು ಓರೆಯಾಗಿ ಕೂತಿತ್ತು. ಸ್ಪ್ಯಾನರಿನಿಂದ ಒತ್ತಿ ತಿರುಗಿಸಿದಾಗಲೇ ಅದರ ತಿರುಪಿನ ಥ್ರೆಡ್ ತಿಂದುಹೋಗಿತ್ತು. ಎಣ್ಣೆ ಸೋರಿದ್ದು ಅಲ್ಲಿಂದಲೇ.

"ನಾನೇ..." ಎಂದು ಮೋಟಾರಣ್ಣ ಅಷ್ಟಕ್ಕೇ ನಿಲ್ಲಿಸಿದ.

ಒಮ್ಮೆ ಕುಸಿದ ಲಿಫ್ಟನ್ನು ಪರೀಕ್ಷೆ ಮಾಡಿಸದೆ ಮತ್ತೆ ಬಳಸಬಾರದು ಎಂದು ನಾದಿನಿ ಅದನ್ನು ಜೊತೆಗೇ ಒಯ್ದಳು. ಹೊರಡುವಾಗ ಹೆಂಡತಿಯ ಕೈಯಿಂದ ಒಂದು ದಾರದ ಉಂಡೆ ತೆಗೆದುಕೊಂಡು ಅಂಗಳದ ಸಿಮೆಂಟಿನ ಮೇಲಿಟ್ಟಳು. ಅದು ತಾನೇ ತಾನಾಗಿ ಉರುಳುತ್ತ ಹೋಗಿ ಚರಂಡಿ ಪಾಲಾಯಿತು.

"ನೋಡಿದ್ರಾ ಭಾವ? ನೀರು ಹರಿದು ಹೋಗಲಿ ಅಂತ ಅಂಗಳ ಇಳಿಜಾರು ಮಾಡಿದ್ದಾರೆ. ಇಳಿಜಾರಲ್ಲಿ, ಮಣ್ಣಲ್ಲಿ, ಅಲ್ಲಾಡೋ ಕಲ್ಲುಚಪ್ಪಡಿ ಮೇಲೆ ಲಿಫ್ಟ್ ಇಡೋ ಹಾಗಿಲ್ಲ. ಗಟ್ಟಿ ಕಾಂಕ್ರೀಟ್ ಬೇಕು, ಸಮತಟ್ಟು ಬೇಕು. ಬೇರೆ ಜಾಗ ನೋಡಿ."

"ನನ್ನ ಹೊಸ ದಾರ ಹೋಯ್ತಲ್ಲೇ!" ಎಂದಳು ಅಕ್ಕ.

ಜಾಗ ಕೊಟ್ಟವನು ಮೋಟಾರಣ್ಣ. ವಾರವಿಡೀ ಗೊಣಗುತ್ತ ತನ್ನ ಶೆಡ್ಡಿನಿಂದ ಹಳೆ ಪಂಪುಗಳನ್ನೆಲ್ಲ ಹೊರಗೆ ಹೊತ್ತು ಹಾಕಿದ. ಬಿರುಕಿಲ್ಲದ ಕಾಂಕ್ರೀಟ್ ನೆಲ. ತಾನೇ ಪೊರಕೆ ಹಿಡಿದು ಎಣ್ಣೆ ಜಿಡ್ಡು ತೊಳೆದ.

ಮುಂದಿನ ಭಾನುವಾರ ರಿಪೇರಿಯಾದ ಲಿಫ್ಟು ಬಂತು, ನಾದಿನಿಯೂ ಬಂದಳು. ಬಂದವಳು ಸೀದಾ ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು.

"ನಾನು ಏನನ್ನೂ ಮುಟ್ಟಲ್ಲ. ಎಲ್ಲ ನೀವೇ ಮಾಡಿ ಭಾವ."

"ಅಯ್ಯೋ, ನನಗೆ ಎಲ್ಲ ಕಲಸಿಹೋಗಿದೆ. ಯಾವುದು ಮೊದಲು, ಯಾವುದು ಆಮೇಲೆ..."

"ಗೊಂದಲ ಆದಾಗ ನಿಲ್ಲಿಸಿ, ಕೇಳಿ. ಗೊಂದಲ ಆಗೋದು ತಪ್ಪಲ್ಲ ಭಾವ. ನಮ್ಮಲ್ಲಿ ಹೊಸದಾಗಿ ಬರೋರಿಗೆಲ್ಲ ಆಗುತ್ತೆ. ಗೊಂದಲ ಇಟ್ಕೊಂಡೇ ಕಾರಿನ ಕೆಳಗೆ ಹೋಗೋದು ತಪ್ಪು."

ಈ ಮಾತು ಮೆಲ್ಲಣ್ಣನಿಗೆ ಹೊಸದು. ಗೊಂದಲ ಅಂದರೆ ದಡ್ಡತನ, ಅದನ್ನು ಮುಚ್ಚಿಟ್ಟುಕೊಳ್ಳಬೇಕು ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಮುಚ್ಚಿಡಲೆಂದೇ ಎಲ್ಲರಿಗೂ ಹೂಂ ಅನ್ನುತ್ತಿದ್ದ.

"ಸರಿ, ಈಗ ಕೇಳ್ತೀನಿ. ಇದು ನನ್ನ ಕಾರನ್ನ ಹೊರುತ್ತಾ?"

"ಒಳ್ಳೇ ಪ್ರಶ್ನೆ. ಲಿಫ್ಟ್ ಎಷ್ಟು ಭಾರ ಹೊರುತ್ತೆ ಅಂತ ಅದರ ಮೇಲೇ ಬರೆದಿದೆ. ನಿಮ್ಮ ಕಾರಿನ ತೂಕ ಕಾರಿನ ಪುಸ್ತಕದಲ್ಲಿದೆ. ಎರಡೂ ನೋಡಿ. ಡಿಕ್ಕಿಯಲ್ಲಿ ಏನಿದೆ? ಸಾಮಾನಿದ್ರೆ ಇಳಿಸಿ."

ಡಿಕ್ಕಿ ತೆಗೆದರೆ ಪ್ರಯಾಣಿಕರು ಮರೆತುಹೋದ ಛತ್ರಿಗಳು, ಹಗ್ಗ, ನೀರಿನ ಕ್ಯಾನು, ಎಲ್ಲಕ್ಕೂ ಕೆಳಗೆ ಹೆಂಡತಿಯ ಇನ್ನೊಂದು ಹೊಲಿಗೆ ಯಂತ್ರ.

"ಅದನ್ನ ರಿಪೇರಿಗೆ ಕೊಟ್ಟು ಬಂದೆ ಅಂದಿದ್ರಿ!" ಹೆಂಡತಿಯ ದನಿ ಶೆಡ್ಡಿನ ತಗಡಿಗೆ ಬಡಿದು ಗಣಗಣ ಎಂದಿತು.

"ಕೊಡೋಣ ಅಂತಲೇ ಇಟ್ಟಿದ್ದೆ ಕಣೇ..."

ಮೊದಲು ಕಾರಿಲ್ಲದೆ ಬರೀ ಚೌಕಟ್ಟುಗಳನ್ನೇ ಏರಿಸಿ ಇಳಿಸಿದರು. ಪೈಪಿನೊಳಗೆ ಗಾಳಿ ಸೇರಿದ್ದರೆ ಒಂದು ಕಡೆ ಮುಂಚೆ, ಒಂದು ಕಡೆ ತಡವಾಗಿ ಏಳುತ್ತದೆ, ಜರ್ಕು ಹೊಡೆಯುತ್ತದೆ. ಲಿಫ್ಟಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಗಾಳಿ ಹೊರಗೆ ಬಿಟ್ಟ ಮೇಲೆ ಎರಡೂ ಚೌಕಟ್ಟು ಅಣ್ಣ ತಮ್ಮಂದಿರ ಹಾಗೆ ಜೊತೆಜೊತೆಯಾಗಿ ಎದ್ದವು.

"ಹಾಗಾದ್ರೆ ಅವತ್ತು ಮೈ ಮುರೀತಾ ಇರ್ಲಿಲ್ಲ" ಎಂದರು ಅಪ್ಪ, ಮೋಟಾರಣ್ಣನ ಕಡೆ ನೋಡದೆ.

ಕಾರು ಶೆಡ್ಡಿನೊಳಗೆ ಬಂತು. ಹ್ಯಾಂಡ್ ಬ್ರೇಕ್ ಎಳೆದು, ಒಳಗೆ ಯಾರೂ ಇಲ್ಲ ಎಂದು ನೋಡಿಕೊಂಡು, ಮೆಲ್ಲಣ್ಣ ನೆಲಕ್ಕೆ ಕೆನ್ನೆ ಹಚ್ಚಿ ಕಾರಿನ ಪಕ್ಕೆಯ ಅಂಚನ್ನು ಹುಡುಕಿದ. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ, ಸಣ್ಣ ಕಚ್ಚಿನ ಗುರುತು. ಕಾರಿನ ಭಾರ ತಡೆಯುವಂತೆ ಗಟ್ಟಿ ಮಾಡಿದ ಜಾಗ ಅದು. ಇಷ್ಟು ವರ್ಷ ಓಡಿಸಿದ ಕಾರು, ಆ ಗುರುತು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ದಿಮ್ಮಿಗಳು ನೇರ ಅದರ ಕೆಳಗೆ ಕೂತವು.

ಸ್ವಿಚ್ಚು ಮೆಲ್ಲಣ್ಣನ ಕೈಯಲ್ಲಿ. "ಸ್ವಿಚ್ಚು ಒಬ್ಬರ ಕೈಯಲ್ಲೇ ಇರ್ಬೇಕು. ಉಳಿದೋರೆಲ್ಲ ದೂರ ನಿಲ್ಲಿ" ಎಂದಿದ್ದಳು ನಾದಿನಿ. ಚಕ್ರ ನೆಲ ಬಿಡುತ್ತಿದ್ದ ಹಾಗೆ ಅವನು ನಿಲ್ಲಿಸಿದ. ದಿಮ್ಮಿಗಳು ಜಾರಿವೆಯೇ ನೋಡಿದ. ಕಾರನ್ನು ಪಕ್ಕದಿಂದ ಮೆಲ್ಲಗೆ ತಳ್ಳಿ ನೋಡಿದ. ಅಲ್ಲಾಡಲಿಲ್ಲ. ಮತ್ತೆ ಗುಂಡಿ ಒತ್ತಿದ. ಪಟ್ಟಿ ಕಚ್ಚಿಗೆ ಬೀಳುವ ಟಕ್ ಸದ್ದಿಗೆ ಎಲ್ಲರೂ ಕಿವಿಗೊಟ್ಟರು.

ಟಕ್.

"ಆಯ್ತು, ಎರಡೂ ಬಿತ್ತು" ಎಂದ ಮೋಟಾರಣ್ಣ.

"ಎಲ್ಲಿ ಎರಡು? ನನಗೆ ಒಂದೇ ಕೇಳಿಸ್ತು" ಎಂದರು ಅಪ್ಪ.

"ಒಟ್ಟಿಗೇ ಬಿದ್ದಿರುತ್ತೆ ಯಜಮಾನ್ರೇ!"

ಮೆಲ್ಲಣ್ಣ ಇಬ್ಬರ ಮುಖವನ್ನೂ ನೋಡಿದ. ಎಂದಿನ ಹಾಗೆ ಇಬ್ಬರ ಮಾತೂ ಸರಿ ಅನ್ನಿಸಿತು. ನಾದಿನಿಯ ಕಡೆ ತಿರುಗಿದ. ಅವಳು ತನ್ನ ಬೂಟಿನ ಲೇಸು ನೋಡುತ್ತ ಕೂತಿದ್ದಳು.

ಅವನು ಸ್ವಿಚ್ಚು ಹಿಡಿದುಕೊಂಡೇ ಕಾರನ್ನು ಸುತ್ತಿ ಹೋದ. ದೂರದಿಂದಲೇ ಕೂತು ಬಲಗಡೆ ನೋಡಿದ. ಪಟ್ಟಿ ಕಚ್ಚಿನಲ್ಲಿ ಕೂತಿತ್ತು. ಎಡಗಡೆ ನೋಡಿದ. ಪಟ್ಟಿ ಕಚ್ಚಿನ ಅಂಚಿನಲ್ಲೇ ನಿಂತಿತ್ತು, ಇನ್ನೂ ಬಿದ್ದಿರಲಿಲ್ಲ.

"ಒಂದೇ" ಎಂದ ಮೆಲ್ಲಣ್ಣ. ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ಯಾರೂ ಹತ್ತಿರ ಬರಬೇಡಿ. ಇನ್ನೂ ಸ್ವಲ್ಪ ಏರಿಸ್ತೀನಿ."

ಟಕ್. ಈ ಸಲವೂ ಹೋಗಿ ನೋಡಿದ. ಆಮೇಲೆ ಇಳಿಸುವ ಗುಂಡಿ ಒತ್ತಿ, ಕಾರಿನ ಭಾರ ಎರಡೂ ಪಟ್ಟಿಗಳ ಮೇಲೆ ಕೂರುವವರೆಗೆ ಬಿಟ್ಟ. ಮೋಟಾರಿನ ಪ್ಲಗ್ ಕಿತ್ತ.

ಅಪ್ಪ ಹೊಸ ಟಾರ್ಚು ಹಿಡಿದು ನಿಂತಿದ್ದರು. ಆದರೆ ಹೆಜ್ಜೆ ಮುಂದಿಡಲಿಲ್ಲ.

"ಮಗಳೇ, ಒಂದು ಕೇಳ್ತೀನಿ. ಈಗ ಪೈಪೇ ಒಡೆದು ಹೋದ್ರೆ?"

"ಎಣ್ಣೆ ಸೋರುತ್ತೆ ಮಾವ, ನೆಲ ಗಲೀಜಾಗುತ್ತೆ. ಕಾರು ಇಳಿಯಲ್ಲ. ಅದು ಈಗ ಎಣ್ಣೆ ಮೇಲಿಲ್ಲ, ಕಬ್ಬಿಣದ ಮೇಲಿದೆ."

"ಕರೆಂಟು ಹೋದ್ರೆ?"

"ಕರೆಂಟಿಗೂ ಅದಕ್ಕೂ ಈಗ ಸಂಬಂಧವೇ ಇಲ್ಲ."

ಅಪ್ಪ ಎಡಗಡೆ ಬಗ್ಗಿ ಪಟ್ಟಿ ನೋಡಿದರು. ಬಲಗಡೆಗೆ ಹೋಗಿ ಅದನ್ನೂ ನೋಡಿದರು. ಮತ್ತೊಮ್ಮೆ ಎಡಗಡೆಗೆ ಬಂದರು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಗೋಣಿಚೀಲ ಹಾಸಿ ಒಳಗೆ ಸರಿದರು. ಅಪ್ಪ ಕೆಳಗಿದ್ದಷ್ಟು ಹೊತ್ತೂ ಮೆಲ್ಲಣ್ಣ ಲಾಕಿನಿಂದ ಕಣ್ಣು ಕೀಳಲಿಲ್ಲ.

"ಸಿಕ್ತು!" ಒಳಗಿನಿಂದ ಕೂಗು ಬಂತು. "ಸೈಲೆನ್ಸರ್ ತೂಗು ಹಾಕೋ ರಬ್ಬರು ತುಂಡಾಗಿದೆ ಕಣೋ. ಇಷ್ಟಕ್ಕೆ ಇಷ್ಟೆಲ್ಲ ಟಕಟಕ!"

ಕೆಲಸ ಮುಗಿದು ಇಳಿಸುವ ಹೊತ್ತಿಗೆ ಮೆಲ್ಲಣ್ಣ ಮತ್ತೆ ತಬ್ಬಿಬ್ಬಾದ. ಪ್ಲಗ್ ಮತ್ತೆ ಹಾಕಿ ಇಳಿಸುವ ಗುಂಡಿ ಒತ್ತಿದರೂ ಕಾರು ಅಲ್ಲಾಡಲಿಲ್ಲ. ಒತ್ತುವುದು ಬಿಟ್ಟು ಕೇಳಿದ, ನಾದಿನಿ ಹೇಳಿಕೊಟ್ಟಳು. ಮೊದಲು ಸ್ವಲ್ಪ ಏರಿಸಬೇಕು, ಪಟ್ಟಿ ಸಡಿಲವಾದ ಮೇಲೆ ಎರಡೂ ಕಡೆ ಮಗುಚಬೇಕು, ಕೆಳಗೆ ಯಾರೂ ಇಲ್ಲ, ಸ್ಪ್ಯಾನರೂ ಇಲ್ಲ ಎಂದು ಬಗ್ಗಿ ನೋಡಬೇಕು, ಆಮೇಲೆ ಇಳಿಸಬೇಕು. ಅವತ್ತು ಮೋಟಾರಣ್ಣ ಅಡ್ಡ ಬರುತ್ತದೆ ಎಂದು ಪಟ್ಟಿಯನ್ನು ಮಗುಚಿಟ್ಟದ್ದು ಇಳಿಸುವಾಗ ಮಾತ್ರ ಇಡಬೇಕಾದ ಜಾಗದಲ್ಲಿ!

ಮುಂದಿನ ವಾರದಿಂದ ಸ್ಟ್ಯಾಂಡಿನ ಕಾರುಗಳು ಒಂದೊಂದಾಗಿ ಶೆಡ್ಡಿಗೆ ಬಂದವು. ಬಾಗಿಲಲ್ಲಿ ಅಪ್ಪ ಕುರ್ಚಿ ಹಾಕಿ ಕೂರುತ್ತಿದ್ದರು. ಒಬ್ಬ ಡ್ರೈವರು ಏರ್‌ಪೋರ್ಟ್ ಬಾಡಿಗೆ ಇದೆ, ಎರಡೇ ನಿಮಿಷದ ಕೆಲಸ, ಲಾಕು ಗೀಕು ಬೇಡ ಎಂದ.

"ಎರಡು ನಿಮಿಷ ಏನಪ್ಪ, ನನ್ನ ಮೇಲೆ ಇಳಿಯೋದಕ್ಕೆ ಅಷ್ಟೂ ಹೊತ್ತು ಬೇಕಾಗಿರ್ಲಿಲ್ಲ" ಎಂದರು ಅಪ್ಪ. "ಕಲ್ಲು ಇಟ್ಟು ಬದುಕಿದೋನು ನಾನು. ಅದು ಜಾಣತನ ಅಂದ್ಕೊಂಡಿದ್ದೆ, ಬರೀ ಅದೃಷ್ಟ ಅದು. ಎರಡೂ ಲಾಕು ನಾನು ನೋಡ್ಬೇಕು. ಆಮೇಲೆ ಒಳಗೆ ಹೋಗು."

ಡ್ರೈವರು ಮೆಲ್ಲಣ್ಣನ ಮುಖ ನೋಡಿದ. ಸ್ಟ್ಯಾಂಡಿನವರಿಗೆಲ್ಲ ಗೊತ್ತಿತ್ತು, ಮೆಲ್ಲಣ್ಣನನ್ನು ಒಪ್ಪಿಸುವುದು ಸುಲಭ ಎಂದು. ಮೆಲ್ಲಣ್ಣ ಸ್ವಿಚ್ಚನ್ನು ಜೇಬಿಗೆ ಹಾಕಿಕೊಂಡು, "ಬಾಡಿಗೆ ಮುಗಿಸ್ಕೊಂಡೇ ಬಾ. ಸಂಜೆ ನಿಧಾನವಾಗಿ ಮಾಡೋಣ" ಅಂದ. ಅವನು ಸಂಜೆಯೇ ಬಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಸ್ಟ್ಯಾಂಡಿನಲ್ಲೋ ಇಂಥ ಲಿಫ್ಟ್ ಇರಬಹುದು, ನಾಳೆ ಬರಲೂಬಹುದು. ಒಳ್ಳೆಯ ಯಂತ್ರ, ಹೆದರಬೇಕಾಗಿಲ್ಲ. ಗಟ್ಟಿಯಾದ ಸಮನೆಲದ ಮೇಲೆ ಇಡಿ. ಕಾರಿನಲ್ಲಿ ಗುರುತು ಮಾಡಿದ ಜಾಗಕ್ಕೇ ದಿಮ್ಮಿ ಕೊಡಿ. ಎರಡೂ ಕಡೆಯ ಲಾಕು ಕೂತದ್ದನ್ನು ನಿಮ್ಮ ಕಣ್ಣಿಂದ ನೋಡಿ, ಭಾರವನ್ನು ಅದರ ಮೇಲೆ ಬಿಟ್ಟು, ಆಮೇಲೆ ಕೆಳಗೆ ಹೋಗಿ. ಯಂತ್ರದ ಜೊತೆ ಬಂದ ಪುಸ್ತಕ ಅರ್ಥವಾಗದಿದ್ದರೆ ತಿಳಿದವರನ್ನು ಕರೆದು ಕೇಳಿ. ನಡುವೆ ಎಲ್ಲಾದರೂ ಮನಸ್ಸಿಗೆ ಅನುಮಾನ ಬಂತೋ, ಸುತ್ತ ನಿಂತವರು ಏನೇ ಹೇಳಲಿ, ಮೊದಲು ಕೆಳಗಿರುವವರನ್ನು ಹೊರಗೆ ಕರೆಯಿರಿ. ಕಾರಿಗೆ ಯಾವ ಅವಸರವೂ ಇಲ್ಲ. ಎಷ್ಟು ಹೊತ್ತಾದರೂ ಅದು ನಿಂತೇ ಕಾಯುತ್ತದೆ.